ಅಮ್ಮನ ನಿದ್ದೆ ಕೆಡಿಸದ ಕಂಪ್ಯೂಟರ್: ರೈಜನ್ 5600ಜಿ, ಒಂದು ವರ್ಷ ಬಳಸಿದ ಮೇಲೆ

ನಮ್ಮದು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಒಂದು ಬೆಡ್‌ರೂಮಿನ ಮನೆ. ಬೆಡ್‌ರೂಮು ಹತ್ತನೇ ಕ್ಲಾಸಿನ ಮಗಳ ಪಾಲಾಗಿದೆ. ಹಾಲಿನಲ್ಲಿ ದಿವಾನದ ಮೇಲೆ ಅಮ್ಮ ಮಲಗುತ್ತಾರೆ. ದಿವಾನದಿಂದ ಸರಿಯಾಗಿ ನಾಲ್ಕು ಅಡಿಗೆ ನನ್ನ ಮೇಜು. ನನ್ನ ಕೆಲಸ ಶುರುವಾಗುವುದೇ ಅಮ್ಮ ಮಲಗಿದ ಮೇಲೆ.

ಕೆಲಸ ಅಂದರೆ ಆಫೀಸಿನದಲ್ಲ. ಅಪ್ಪ ಬಿಟ್ಟುಹೋದ 140 ಕ್ಯಾಸೆಟ್‌ಗಳು. ಎಲ್ಲವೂ ತಾಳಮದ್ದಲೆ. ಮಾಟುಂಗಾ, ಮುಲುಂಡ್, ಘಾಟ್‌ಕೋಪರ್ ಕಡೆಯ ಕೂಟಗಳಲ್ಲಿ ಅಪ್ಪ ಮುಂದಿನ ಸಾಲಲ್ಲಿ ಕೂತು, ಟೇಪ್ ರೆಕಾರ್ಡರನ್ನು ತೊಡೆ ಮೇಲೆ ಇಟ್ಟುಕೊಂಡು ಹಿಡಿದದ್ದು. ಅವನ್ನು ಕಂಪ್ಯೂಟರಿಗೆ ಇಳಿಸಿ, ಟೇಪಿನ ಸುಯ್ ಸದ್ದು ತೆಗೆಯುತ್ತೇನೆ. ಪ್ರತಿಯೊಂದರ ಮೊದಲಿಗೆ ಪ್ರಸಂಗ ಯಾವುದು, ಭಾಗವತರು ಯಾರು, ಅರ್ಥ ಹೇಳಿದವರು ಯಾರು ಅಂತ ನನ್ನ ಧ್ವನಿಯಲ್ಲಿ ನಾಲ್ಕು ಮಾತು ಸೇರಿಸುತ್ತೇನೆ. ಅದಕ್ಕೆ ಕೊನೆಯ ಲೋಕಲ್ ಹೋಗುವ ತನಕ ಕಾಯಬೇಕು. ಆಮೇಲೆ ಸೀಲಿಂಗ್ ಫ್ಯಾನ್ ಆಫ್ ಮಾಡಿ ಮೈಕ್ ಹಾಕಬೇಕು.

ಹಳೆ ಲ್ಯಾಪ್‌ಟಾಪಿನಲ್ಲಿ 90 ನಿಮಿಷದ ಒಂದು ಕ್ಯಾಸೆಟ್ ಶುಚಿಯಾಗಲು 40 ನಿಮಿಷ ಹಿಡಿಯುತ್ತಿತ್ತು. ಅಷ್ಟು ಹೊತ್ತೂ ಗುಂಯ್ ಅಂತ ಒಂದೇ ಸಮ. "ಎಂತ ಅದು, ನೀರಿನ ಪಂಪ್ ಯಾರೂ ಆಫ್ ಮಾಡ್ಲಿಲ್ವಾ?" ಅಂತ ಅಮ್ಮ ನಿದ್ದೆಗಣ್ಣಲ್ಲೇ ಕೇಳುತ್ತಿದ್ದರು. ಮೈಕಿಗೂ ಅದೇ ಪಂಪ್ ಕೇಳುತ್ತಿತ್ತು.

ಹಾಗಾಗಿ 2024ರ ಜನವರಿಯಲ್ಲಿ ಒಂದು ಡೆಸ್ಕ್‌ಟಾಪ್ ಜೋಡಿಸಿದೆ. ಮಾನಿಟರ್, ಕೀಬೋರ್ಡ್ ಹಳೆಯವೇ. ಉಳಿದದ್ದಕ್ಕೆಲ್ಲ ಸೇರಿ 36,300 ರೂಪಾಯಿ ಆಯಿತು. ಅದನ್ನು ಓವರ್‌ಕ್ಲಾಕ್ ಕೂಡ ಮಾಡಿದ್ದೇನೆ, ಅಂದರೆ ಕಂಪನಿ ಗೊತ್ತು ಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಚಿಪ್ ಓಡಿಸುವುದು. ಸದ್ದು ಬೇಡ ಅನ್ನುವವಳು ಓವರ್‌ಕ್ಲಾಕ್ ಯಾಕೆ ಮಾಡಿದೆ ಅಂತ ಕೇಳುವವರಿಗಾಗಿಯೇ ಈ ಬರಹ.

ಓವರ್‌ಕ್ಲಾಕ್ ಅಂದರೆ ನನ್ನ ತಲೆಯಲ್ಲಿ ಇದ್ದದ್ದೂ ಸದ್ದೇ. 1999ರಲ್ಲಿ ನಮ್ಮಣ್ಣ ಇಂಟೆಲ್‌ನ ಸೆಲೆರಾನ್ 300ಎ ತಂದಿದ್ದ. ಅದು 300 ಮೆಗಾಹರ್ಟ್ಸ್‌ನ ಅಗ್ಗದ ಚಿಪ್. ಚಿಪ್ ಕೂರುವ ಮದರ್‌ಬೋರ್ಡಿನ ಬಸ್ (ಚಿಪ್ಪಿಗೂ ಉಳಿದ ಭಾಗಕ್ಕೂ ನಡುವಿನ ದಾರಿ) ವೇಗವನ್ನು 66ರಿಂದ 100ಕ್ಕೆ ಏರಿಸಿದರೆ ಚಿಪ್ ತಾನಾಗಿ 450ಕ್ಕೆ ಓಡುತ್ತಿತ್ತು, ದುಬಾರಿ ಪೆಂಟಿಯಂನ ಸರಿಸಮಕ್ಕೆ. ಒಂದೂವರೆ ಪಟ್ಟು, ಪುಕ್ಕಟೆ! ಆಮೇಲೆ ಎಎಮ್‌ಡಿಯ ಡ್ಯೂರಾನ್ ಬಂತು. ಅದರ ಮೇಲಿನ ಸಣ್ಣ ಚುಕ್ಕಿಗಳ ನಡುವೆ ಪೆನ್ಸಿಲ್ಲಿನಿಂದ ಗೀಟು ಎಳೆದರೆ ವೇಗದ ಬೀಗ ತೆರೆಯುತ್ತಿತ್ತು. ಸುಮ್ನೆ ಹೇಳುತ್ತಿಲ್ಲ, ಪೆನ್ಸಿಲ್ಲಿನ ಗ್ರಾಫೈಟಿನಲ್ಲಿ ಕರೆಂಟು ಹರಿಯುತ್ತದೆ, ಅಷ್ಟೇ ಸಾಕಾಗಿತ್ತು. ಅಣ್ಣ ನನ್ನ ಡ್ರಾಯಿಂಗ್ ಪೆನ್ಸಿಲ್ ತೆಗೆದುಕೊಂಡು ಹೋದದ್ದು ನೆನಪಿದೆ. ಅವನು ಹಾಕಿದ್ದ ಅಂಗೈ ಅಗಲದ ಫ್ಯಾನ್ ಮಿಕ್ಸರ್ ತರಹ ಕಿರುಚುತ್ತಿದ್ದದ್ದೂ ನೆನಪಿದೆ.

ಈಗಿನ ಚಿಪ್‌ಗಳಲ್ಲಿ ಒಂದೂವರೆ ಪಟ್ಟು ಸಿಗುವುದಿಲ್ಲ. ಕಂಪನಿಯವರೇ ಹಿಂಡಿ ತೆಗೆದು ಕೊಡುತ್ತಾರೆ. ಉಳಿದಿರುವುದು ನೂರಕ್ಕೆ ಐದೋ ಆರೋ. ಆದರೆ ಓವರ್‌ಕ್ಲಾಕ್ ಮಾಡಲು ಬಿಡುವ ಬೋರ್ಡಿನಲ್ಲಿ ಇನ್ನೊಂದು ಅನುಕೂಲ ಇದೆ. ವೇಗ ಏರಿಸುವ ಅದೇ ಸೆಟ್ಟಿಂಗ್ ಪುಟದಲ್ಲಿ ವೋಲ್ಟೇಜ್ ಇಳಿಸುವ ಸಾಲೂ ಇರುತ್ತದೆ. ನನ್ನ ಮೆಷಿನ್ ಸುಮ್ಮನಿರುವುದು ಆ ಸಾಲಿನಿಂದ.

ಸಾಮಾನು ತಂದದ್ದು ಮುಂಬೈಯ ಕಂಪ್ಯೂಟರ್ ಸಾಮಾನಿನ ಪೇಟೆ ಲ್ಯಾಮಿಂಗ್ಟನ್ ರೋಡಿನಿಂದ. ಫಲಕದಲ್ಲಿ ಡಾ. ಭಡ್ಕಮ್ಕರ್ ಮಾರ್ಗ ಅಂತ ಇರುತ್ತದೆ, ಹಾಗೆ ಕೇಳಿದರೆ ಟ್ಯಾಕ್ಸಿಯವನೂ ಒಂದು ಕ್ಷಣ ತಡವರಿಸುತ್ತಾನೆ. 1903ರಿಂದ 1907ರವರೆಗೆ ಬೊಂಬಾಯಿಯ ಗವರ್ನರ್ ಆಗಿದ್ದವನ ಹೆಸರು ಇನ್ನೂ ಜನರ ಬಾಯಲ್ಲಿ ಉಳಿದಿದೆ, ಅದೂ ರ‍್ಯಾಮ್ ಮತ್ತು ಕೇಬಲ್ ಹೆಸರಲ್ಲಿ. ಡೊಂಬಿವಲಿಯಿಂದ ಫಾಸ್ಟ್ ಹಿಡಿದು ದಾದರ್, ಅಲ್ಲಿ ವೆಸ್ಟರ್ನ್ ಲೈನಿಗೆ ಬದಲಿಸಿ ಸ್ಲೋ ಗಾಡಿಯಲ್ಲಿ ಗ್ರಾಂಟ್ ರೋಡ್. ಶನಿವಾರ ಹೋಗಿ. ಭಾನುವಾರ ಬಹಳಷ್ಟು ಅಂಗಡಿ ಬಾಗಿಲು ಹಾಕಿರುತ್ತವೆ. ಹನ್ನೊಂದರೊಳಗೆ ಹೋದರೆ ಶಟರ್ ನೋಡುತ್ತಾ ನಿಲ್ಲಬೇಕು. ಅಷ್ಟು ಹೊತ್ತು ನಾನು ಸ್ಟೇಷನ್ ಎದುರಿನ ಇರಾನಿ ಹೋಟೆಲಿನಲ್ಲಿ ಕೂತು ಚಹಾ, ಮಾವಾ ಕೇಕ್ ಮುಗಿಸಿದೆ.

ನಾನು ಹೋದದ್ದು ಒಂದು ಹಳೆ ಕಟ್ಟಡದ ಮೊದಲ ಮಹಡಿಯ ಅಂಗಡಿಗೆ. ಮಾಲೀಕರು ಗುಜರಾತಿ, ಕ್ಯಾಲ್ಕುಲೇಟರ್ ಬಿಟ್ಟು ಬೇರೆ ಏನನ್ನೂ ನೋಡುವುದಿಲ್ಲ. ಅಗ್ಗ, ವೇಗ, ಸದ್ದಿಲ್ಲ, ಮೂರೂ ಬೇಕು ಅಂದಾಗ ಮಾತ್ರ ತಲೆ ಎತ್ತಿ ನಕ್ಕರು. ಗಾಜು ಮತ್ತು ಬಣ್ಣದ ದೀಪದ ಒಂದು ಕ್ಯಾಬಿನೆಟ್ ಎದುರಿಗಿಟ್ಟರು. ಹೊರಗೆ ನಾಲ್ಕು ಫ್ಯಾನ್ ಝಗಝಗ. ನಾನು ಫೋನಲ್ಲಿ ಮಗಳ ಹತ್ತಿರ ಕನ್ನಡದಲ್ಲಿ "ಚೆಂದ ಇದೆ ಕಣೇ" ಅಂತ ಹೇಳುತ್ತಿದ್ದೆ. ಡಬ್ಬಗಳ ರಾಶಿಯ ಹಿಂದಿನಿಂದ ಒಂದು ದನಿ ಬಂತು: "ಅಕ್ಕಾ, ಅದು ತಗೋಬ್ಯಾಡ್ರಿ. ಬರೀ ಲೈಟ್ ಅದ, ಗಾಳಿ ಇಲ್ಲ."

ಕಲಬುರಗಿ ಕಡೆಯ ಹುಡುಗ. ಅಲ್ಲಿ ಕೆಲಸಕ್ಕೆ ಸೇರಿ ಆರು ವರ್ಷ ಆಗಿತ್ತಂತೆ. ಆ ಕ್ಯಾಬಿನೆಟ್ಟಿನ ಮುಂದಿನ ಗಾಜಿಗೆ ಅಂಗೈ ಇಟ್ಟು ತೋರಿಸಿದ. ಗಾಳಿ ಒಳಗೆ ಹೋಗಲು ಬದಿಯಲ್ಲಿ ಬೆರಳಗಲದ ಸಂದು ಮಾತ್ರ. ಆಮೇಲೆ ಜಾಲರಿ ಮುಖದ ಒಂದು ಸಾದಾ ಕರಿ ಡಬ್ಬ ತಂದ, 2,700 ರೂಪಾಯಿಯದು. ನೋಡಲು ಗೋದಾಮಿನ ಇಲಿ ಬೋನು. ಆದರೆ ಅವನ ಮಾತು ಸರಿಯೇ. ಗಾಳಿ ಸಲೀಸಾಗಿ ಹೋದರೆ ಫ್ಯಾನ್ ನಿಧಾನ ತಿರುಗಿದರೂ ಸಾಕು. ಫ್ಯಾನಿನ ವೇಗ ಅರ್ಧಕ್ಕೆ ಇಳಿದರೆ ಸದ್ದು ಲೆಕ್ಕದ ಪ್ರಕಾರ ಸುಮಾರು 15 ಡೆಸಿಬೆಲ್ ಇಳಿಯುತ್ತದೆ, ಗಾಳಿ ಮಾತ್ರ ಅರ್ಧ ಉಳಿಯುತ್ತದೆ. ಒಳಗೆ ಸ್ಪಂಜು ಅಂಟಿಸಿದ 'ಸೈಲೆಂಟ್' ಡಬ್ಬಗಳು ಎರಡು ಪಟ್ಟು ದುಡ್ಡು ಕೇಳುತ್ತವೆ. ನಮ್ಮ ಊರಿನ ಸೆಕೆಗೆ ಅವು ರಜಾಯಿ ಹೊದ್ದ ಹಾಗೆ.

ಚಿಪ್ ಎಎಮ್‌ಡಿ ರೈಜನ್ 5 5600ಜಿ. ಆರು ಕೋರ್, ಅಂದರೆ ಲೆಕ್ಕ ಮಾಡುವ ಆರು ಭಾಗ, ಒಟ್ಟಿಗೆ ಹನ್ನೆರಡು ಕೆಲಸದ ಎಳೆ (ಥ್ರೆಡ್), 65 ವ್ಯಾಟ್. ಇದರೊಳಗೇ ಗ್ರಾಫಿಕ್ಸ್ ಇದೆ. ಬೇರೆ ಕಾರ್ಡ್ ಬೇಡ ಅಂದರೆ ಆ ಕಾರ್ಡಿನ ದುಡ್ಡೂ ಉಳಿಯಿತು, ಅದರ ಎರಡು ಫ್ಯಾನೂ ತಪ್ಪಿದವು. ಇಂಟೆಲ್‌ನಲ್ಲಾದರೆ ಓವರ್‌ಕ್ಲಾಕ್ ಮಾಡಲು ಕೆ ಅಕ್ಷರದ ಚಿಪ್ಪೇ ಬೇಕು, ಝಡ್ ಸರಣಿಯ ಬೋರ್ಡೇ ಬೇಕು. ಅಲ್ಲಿಗೆ ನನ್ನ ಬಜೆಟ್ ಮುಗಿಯಿತು. ರೈಜನ್‌ನಲ್ಲಿ ಬಿ550 ಬೋರ್ಡ್ ಸಾಕು. ಎ520 ತಗೊಳ್ಳಬೇಡಿ. ಸಾವಿರ ಎರಡು ಸಾವಿರ ಉಳಿಯುತ್ತದೆ, ಆದರೆ ಅದರಲ್ಲಿ ಚಿಪ್ಪಿನ ವೇಗ ನಿರ್ಧರಿಸುವ ಗುಣಕ ಮುಟ್ಟಲು ಬಿಡುವುದಿಲ್ಲ. ಬಿ550ಯಲ್ಲೂ ಚಿಪ್ ಕೂರುವ ಸಾಕೆಟ್ ಪಕ್ಕದ ವೋಲ್ಟೇಜ್ ಭಾಗಗಳ ಮೇಲೆ ಶಾಖ ಎಳೆಯುವ ಲೋಹದ ದಿಮ್ಮಿ ಇರುವ ಬೋರ್ಡನ್ನೇ ಆರಿಸಿ. ಕೆಲವದರಲ್ಲಿ ಅದು ಬೋಳು ಬಿಟ್ಟಿರುತ್ತಾರೆ.

ಚಿಪ್ಪಿನ ಡಬ್ಬದಲ್ಲೇ ಒಂದು ಕೂಲರ್ ಪುಕ್ಕಟೆ ಬರುತ್ತದೆ, ರೈತ್ ಸ್ಟೆಲ್ತ್. ಕೆಲಸ ನಡೆಯುತ್ತದೆ. ಆದರೆ ಜೋರು ಕೆಲಸ ಕೊಟ್ಟರೆ ಮತ್ತೆ ನೀರಿನ ಪಂಪ್. ಅದು ಈಗ ಅಟ್ಟದ ಮೇಲಿದೆ. ಬದಲಿಗೆ 2,500 ಕೊಟ್ಟು ಡೀಪ್‌ಕೂಲ್ ಎಕೆ400 ತಂದೆ. ನಾಲ್ಕು ತಾಮ್ರದ ಕೊಳವೆ, ಒಂದು ಗೋಪುರ, ಒಂದು 120 ಮಿಲಿಮೀಟರ್ ಫ್ಯಾನ್. ಎತ್ತರ 155 ಮಿಲಿಮೀಟರ್, ಹಾಗಾಗಿ ಡಬ್ಬದ ಅಗಲ ಅಳೆದೇ ತಗೊಳ್ಳಿ. ಇಡೀ ಮೆಷಿನ್ನಿನಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಕೆಲಸ ಮಾಡಿದ್ದು ಈ ಎರಡೂವರೆ ಸಾವಿರ. ಡಬ್ಬದ ಮುಂದೆ ಗಾಳಿ ಎಳೆಯಲು ಆರ್ಕ್ಟಿಕ್ ಪಿ12 ಫ್ಯಾನ್ ಎರಡು.

ವಾಪಸ್ ಬರುವಾಗ ಕ್ಯಾಬಿನೆಟ್ ತೊಡೆ ಮೇಲಿಟ್ಟುಕೊಂಡು ಲೇಡೀಸ್ ಡಬ್ಬಾದಲ್ಲಿ ಕೂತೆ. "ಟೀವಿ ಘೇತ್ಲಾ ಕಾ?" ಅಂತ, ಅಂದರೆ ಟೀವಿ ತಗೊಂಡಿರಾ ಅಂತ, ಎದುರಿನವರು ಕೇಳಿದರು. ಹೌದು ಅಂದೆ. ವಿವರಿಸಲು ಠಾಣೆ ದಾಟುವ ತನಕ ಬೇಕಾಗುತ್ತಿತ್ತು.

ಜೋಡಿಸುವುದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಸ್ಕ್ರೂಡ್ರೈವರ್ ಒಂದು, ಎರಡೂವರೆ ಗಂಟೆ. ರ‍್ಯಾಮ್ 16 ಜಿಬಿ ಬೇಕಿದ್ದರೆ 8ರ ಎರಡು ಪಟ್ಟಿ ತಗೊಳ್ಳಿ, 16ರ ಒಂದಲ್ಲ. ಒಂದೇ ಪಟ್ಟಿ ಹಾಕಿದರೆ ಡೇಟಾ ಹರಿಯುವ ದಾರಿ ಅರ್ಧ ಆಗುತ್ತದೆ. ಒಳಗಿನ ಗ್ರಾಫಿಕ್ಸ್ ಊಟ ಮಾಡುವುದೂ ಅದೇ ರ‍್ಯಾಮಿನಿಂದ.

ಈಗ ಓವರ್‌ಕ್ಲಾಕ್ ಮಾಡಿದ ರಾತ್ರಿಯ ವಿಷಯ.

ಮೊದಲು ನಾನೂ ಎಲ್ಲರ ಹಾಗೆ ದುರಾಸೆಗೆ ಬಿದ್ದೆ. ಬಯೋಸ್‌ಗೆ (ಬೋರ್ಡಿನ ಸೆಟ್ಟಿಂಗ್ ಪುಟ) ಹೋಗಿ ಆರೂ ಕೋರ್ 4.6 ಗಿಗಾಹರ್ಟ್ಸ್, ವೋಲ್ಟೇಜ್ 1.4 ಅಂತ ಕೊಟ್ಟೆ. ಓಡಿತು. ಚಿಪ್ಪನ್ನು ಪೂರ್ತಿ ದುಡಿಸಿ ನೋಡುವ ಸಿನೆಬೆಂಚ್ ಹಾಕಿದ ಎರಡು ನಿಮಿಷಕ್ಕೆ ಶಾಖ 88 ಡಿಗ್ರಿ, ಕೂಲರ್ ಫ್ಯಾನ್ ಪೂರ್ತಿ ವೇಗದಲ್ಲಿ. ಅಮ್ಮ ಮಗ್ಗುಲು ಬದಲಿಸಿದರು. ಆಮೇಲೆ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಬಂದೆ. 4.5. ಆಮೇಲೆ 4.4. ಪ್ರತಿ ಮೆಟ್ಟಿಲಲ್ಲೂ ವೋಲ್ಟೇಜನ್ನು ಚೂರುಚೂರೇ ಇಳಿಸಿ, ಮೆಷಿನ್ ಬಿದ್ದುಹೋಗುವ ತನಕ ನೋಡಿ, ಅಲ್ಲಿಂದ ಒಂದು ಹೆಜ್ಜೆ ಮೇಲೆ ನಿಲ್ಲಿಸುವುದು. ಕೊನೆಗೆ 4.4ಕ್ಕೆ 1.25 ವೋಲ್ಟ್ ಸಾಕಾಯಿತು. ಶಾಖ 66 ಡಿಗ್ರಿ. ಫ್ಯಾನ್ ತಿರುಗುತ್ತಿದೆಯಾ ಅಂತ ಟಾರ್ಚ್ ಹಾಕಿ ನೋಡಿದೆ.

ಇಷ್ಟು ವ್ಯತ್ಯಾಸ ಯಾಕೆ ಅಂದರೆ, ಚಿಪ್ ತಿನ್ನುವ ವಿದ್ಯುತ್ತು ವೇಗಕ್ಕೆ ತಕ್ಕಂತೆ ನೇರ ಏರುತ್ತದೆ, ವೋಲ್ಟೇಜಿಗೆ ಮಾತ್ರ ವರ್ಗದ ಲೆಕ್ಕದಲ್ಲಿ. 1.4ನ್ನು 1.25ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಸುಮಾರು 1.25. ಅದಕ್ಕೆ ವೇಗದ ನಾಲ್ಕೂವರೆ ಪರ್ಸೆಂಟ್ ಸೇರಿಸಿದರೆ 1.31. ಅಂದರೆ ನಾಲ್ಕೂವರೆ ಪರ್ಸೆಂಟ್ ವೇಗಕ್ಕೆ 31 ಪರ್ಸೆಂಟ್ ಹೆಚ್ಚು ಶಾಖ! ತರಕಾರಿ ಮಾರ್ಕೆಟಲ್ಲಿ ಇಂಥ ವ್ಯಾಪಾರ ಮಾಡಿಕೊಂಡು ಬಂದಿದ್ದರೆ ಅಮ್ಮ ಚೀಲ ಸಮೇತ ವಾಪಸ್ ಕಳಿಸುತ್ತಿದ್ದರು.

ಏನೂ ಮುಟ್ಟದೆ ಬಿಟ್ಟಾಗ ಇದೇ ಚಿಪ್ ಆರೂ ಕೋರಿನಲ್ಲಿ 4.2 ಹತ್ತಿರ ಓಡುತ್ತಿತ್ತು, ಬೋರ್ಡು 1.3 ವೋಲ್ಟ್ ಹತ್ತಿರ ಕೊಡುತ್ತಿತ್ತು. ಎಲ್ಲ ಚಿಪ್ಪಿಗೂ ಸಾಲಲಿ ಅಂತ ಕೈ ಬಿಚ್ಚಿಯೇ ಕೊಟ್ಟಿರುತ್ತಾರೆ. ನನ್ನದಕ್ಕೆ ಅಷ್ಟು ಬೇಡ. ಹಾಗಾಗಿ ವೇಗ ಸ್ವಲ್ಪ ಮೇಲೆ, ಶಾಖ ಸ್ವಲ್ಪ ಕೆಳಗೆ. ನಿಮ್ಮ ಚಿಪ್ಪಿಗೆ ಇದೇ ಸಂಖ್ಯೆ ಹೊಂದಬೇಕಂತಿಲ್ಲ, ನೀವೇ ಮೆಟ್ಟಿಲು ಇಳಿಯಬೇಕು. ಇನ್ನೊಂದು ಮಾತು. ಓವರ್‌ಕ್ಲಾಕ್‌ನಿಂದ ಚಿಪ್ ಹಾಳಾದರೆ ಎಎಮ್‌ಡಿ ವಾರಂಟಿ ಕೊಡುವುದಿಲ್ಲ. ಗೊತ್ತಿದ್ದೇ ಮಾಡಿ.

ನಿಜ ಹೇಳಬೇಕು. 90 ನಿಮಿಷದ ಕ್ಯಾಸೆಟ್ ಈಗ 8 ನಿಮಿಷಕ್ಕೆ ಶುಚಿಯಾಗುತ್ತದೆ. ಅದರಲ್ಲಿ ಓವರ್‌ಕ್ಲಾಕ್‌ನ ಪಾಲು ಅರ್ಧ ನಿಮಿಷ ಇದ್ದರೆ ಹೆಚ್ಚು. ಉಳಿದದ್ದು ಹೊಸ ಚಿಪ್ಪಿನದೇ.

ರ‍್ಯಾಮ್ ವಿಷಯದಲ್ಲಿ ಪೆಟ್ಟು ತಿಂದೆ. ತಂದದ್ದು 3600ರ ವೇಗದ್ದು. 4000ಕ್ಕೆ ಏರಿಸಿದೆ, ವಿಂಡೋಸ್ ತೆರೆಯಿತು, ಎಲ್ಲ ಸರಿ ಅಂದುಕೊಂಡು ಕ್ಯಾಸೆಟ್ ಇಳಿಸಲು ಕೂತೆ. ಮೆಮ್‌ಟೆಸ್ಟ್ (ರ‍್ಯಾಮಿನ ತಪ್ಪು ಹುಡುಕುವ ಪ್ರೋಗ್ರಾಂ) ಓಡಿಸಲಿಲ್ಲ, ಸೋಮಾರಿತನ. ಮೂರನೇ ರಾತ್ರಿ ಒಂದು ಸೈಡ್ ಪೂರ್ತಿ ಇಳಿಸಿ ಸೇವ್ ಮಾಡುವಾಗ ಪರದೆ ನೀಲಿ ಆಗಿ ಎಲ್ಲ ಹೋಯಿತು. ಕ್ಯಾಸೆಟ್ ಅಂದರೆ ಫೈಲ್ ಕಾಪಿ ಮಾಡಿದ ಹಾಗಲ್ಲ, 45 ನಿಮಿಷದ ಸೈಡಿಗೆ 45 ನಿಮಿಷವೇ ಬೇಕು. ಅದಕ್ಕಿಂತ ಹೆಚ್ಚು ಬೇಜಾರಾದದ್ದು ಆ ಹಳೆ ಟೇಪನ್ನು ಸುಮ್ಮನೆ ಇನ್ನೊಂದು ಸಲ ಹೆಡ್ಡಿಗೆ ಉಜ್ಜಿದ್ದಕ್ಕೆ. ಮಾರನೇ ದಿನ 3800ಕ್ಕೆ ಇಳಿಸಿ, ರಾತ್ರಿಯಿಡೀ ಮೆಮ್‌ಟೆಸ್ಟ್ ಹಾಕಿ ಮಲಗಿದೆ. ಒಂದೂ ತಪ್ಪು ಬರಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಮುಟ್ಟಿಲ್ಲ. ಒಳಗಿನ ಗ್ರಾಫಿಕ್ಸನ್ನೂ 1900ರಿಂದ 2200 ಮೆಗಾಹರ್ಟ್ಸ್‌ಗೆ ಏರಿಸಿದ್ದೇನೆ, ಅದರ ಲಾಭ ಮಗಳ ಗೇಮಿಗೆ, ನನಗಲ್ಲ.

ಇಷ್ಟಾದ ಮೇಲೂ ಸದ್ದು ಪೂರ್ತಿ ಹೋಗಲಿಲ್ಲ. ಒಂದು ಹೋದರೆ ಅದರ ಹಿಂದೆ ಅಡಗಿದ್ದ ಇನ್ನೊಂದು ಕೇಳುತ್ತದೆ.

ಮೊದಲು ಸಿಕ್ಕಿದ್ದು ಪವರ್ ಸಪ್ಲೈ. ಫ್ಯಾನಿನದಲ್ಲ, ಒಳಗಿನ ತಂತಿ ಸುರುಳಿಯದು (ಕಾಯಿಲ್). ಪುಟ ಮೇಲೆ ಕೆಳಗೆ ಸರಿಸಿದಾಗೆಲ್ಲ ಸೊಳ್ಳೆ ಹಾಗೆ ಕೀಂ ಅನ್ನುತ್ತಿತ್ತು. ಕಂಪನಿಯ ಸಹಾಯವಾಣಿಗೆ ಮೂರು ಸಲ ಫೋನ್ ಮಾಡಿದೆ. "ಮೇಡಂ, ಓಡುತ್ತಿದೆಯಲ್ಲ, ಮತ್ತೇನು?" ಅಂದರು. ಅಂಗಡಿಗೆ ಹೊತ್ತುಕೊಂಡು ಹೋದೆ. ಲ್ಯಾಮಿಂಗ್ಟನ್ ರೋಡಿನ ಹಾರನ್ ಗದ್ದಲದಲ್ಲಿ ಮಾಲೀಕರಿಗೆ ಏನು ಕೇಳಬೇಕು? ಇಲ್ಲ ಅಂತ ತಲೆ ಆಡಿಸಿದರು. ಕಲಬುರಗಿ ಹುಡುಗ ಅದನ್ನು ಹಿಂದಿನ ಕೋಣೆಗೆ ಒಯ್ದು, ಬಾಗಿಲು ಹಾಕಿ, ಒಂದು ಬೋರ್ಡಿಗೆ ಸಿಕ್ಕಿಸಿ ಕಿವಿ ಇಟ್ಟ. ಹೊರಗೆ ಬಂದು "ಹೌದ್ರಿ ಅಕ್ಕಾ, ಅಳ್ತದ" ಅಂದ. 400 ರೂಪಾಯಿ ಹೆಚ್ಚು ಕೊಟ್ಟು ಬೇರೆ ಕಂಪನಿಯ 450 ವ್ಯಾಟ್ ಪವರ್ ಸಪ್ಲೈ ತಂದೆ. ಅದು ಅಳುವುದಿಲ್ಲ. ಈ ಅಂಗಡಿಗೆ ನಾನು ಮತ್ತೆ ಹೋಗುವುದು ಆ ಹುಡುಗನಿಗಾಗಿಯೇ. ಬಿಲ್ ಕೇಳಿದರೆ ಮಾಲೀಕರು ಮುಖ ಗಂಟು ಹಾಕುತ್ತಾರೆ, ಜಿಎಸ್‌ಟಿ 18 ಪರ್ಸೆಂಟ್ ಬೇರೆ ಅನ್ನುತ್ತಾರೆ. ಆದರೂ ಬಿಲ್ ತಗೊಳ್ಳಿ, ವಾರಂಟಿಗೆ ಅದೇ ಬೇಕು.

ಎರಡನೆಯದು ಹಳೆ ಹಾರ್ಡ್ ಡಿಸ್ಕ್. ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120. ಅಷ್ಟೇ ದಪ್ಪದ ಗುಂಗು ತಗಡಿಗೆ ಇಳಿದು, ತಗಡಿನಿಂದ ಮೇಜಿಗೆ, ಮೇಜಿನಿಂದ ಮೈಕಿಗೆ. ಅಮ್ಮನ ಹೊಲಿಗೆ ಡಬ್ಬಿಯಿಂದ ಅಗಲದ ಇಲಾಸ್ಟಿಕ್ ಎರಡು ಮೊಳ ತೆಗೆದು, ಡಿಸ್ಕ್ ಇಡುವ ಗೂಡಿನ ಎರಡೂ ಬದಿಗೆ ಎಳೆದು ಕಟ್ಟಿದೆ. ಡಿಸ್ಕನ್ನು ಅದರ ನಡುವೆ ತೊಟ್ಟಿಲಲ್ಲಿ ಮಲಗಿಸಿದ ಹಾಗೆ ತೂಗಿಬಿಟ್ಟೆ. ತಗಡಿಗೆ ಎಲ್ಲೂ ತಾಗಬಾರದು. ಗುಂಗು ನಿಂತುಹೋಯಿತು. ಮೆಷಿನ್ ಎತ್ತಿ ಸಾಗಿಸುವಾಗ ಮಾತ್ರ ಡಿಸ್ಕ್ ಬಿಚ್ಚಿ ಇಡಬೇಕು. ಇಡೀ ಯೋಜನೆಯಲ್ಲಿ ಅಮ್ಮ ಒಪ್ಪಿದ ಒಂದೇ ತಂತ್ರಜ್ಞಾನ ಇದು.

ಮೂರನೆಯದು ಫ್ಯಾನ್ ಏರಿಳಿಯುವುದು. ಒಂದೇ ಸಮನೆ ಇರುವ ಸಣ್ಣ ಸದ್ದಿಗೆ ಕಿವಿ ಒಗ್ಗಿಹೋಗುತ್ತದೆ. ಆಗಾಗ ಏರಿ ಇಳಿಯುವ ಸದ್ದಿಗೆ ನಿದ್ದೆ ಹಾರುತ್ತದೆ. ಬಯೋಸ್‌ನಲ್ಲಿ 60 ಡಿಗ್ರಿವರೆಗೂ ಫ್ಯಾನ್ 700 ಸುತ್ತಿನಲ್ಲೇ ಇರಲಿ ಅಂತ ಹೇಳಿ, ವೇಗ ಬದಲಿಸುವ ಮುನ್ನ ಕೆಲವು ಸೆಕೆಂಡ್ ಕಾಯುವ ಹಾಗೆ ಮಾಡಿದೆ. ಬ್ರೌಸರ್ ತೆರೆದಾಗ ಶಾಖ ಒಂದು ಕ್ಷಣ ಜಿಗಿದರೆ ಫ್ಯಾನ್ ಈಗ ಗಾಬರಿ ಬೀಳುವುದಿಲ್ಲ.

ಅಳತೆಗೆ ಫೋನಿನ ಆ್ಯಪ್ ನಂಬಲಿಲ್ಲ. ಮೈಕಿನಲ್ಲೇ ಖಾಲಿ ಹಾಲನ್ನು ರೆಕಾರ್ಡ್ ಮಾಡಿ ನೋಡಿದೆ. ಹಳೆ ಲ್ಯಾಪ್‌ಟಾಪ್ ಓಡುವಾಗ ಮೈನಸ್ 48 ಡೆಸಿಬೆಲ್ (ಮೈನಸ್ ಹೆಚ್ಚಾದಷ್ಟೂ ಸದ್ದು ಕಡಿಮೆ). ಹೊಸದು ಕೆಲಸ ಮಾಡುವಾಗ ಮೈನಸ್ 62. ಎಲ್ಲ ಆಫ್ ಮಾಡಿ, ಲ್ಯಾಪ್‌ಟಾಪನ್ನು ಅಡುಗೆಮನೆಯಲ್ಲಿಟ್ಟು, ಉದ್ದ ವೈರ್ ಎಳೆದು ಅಳೆದಾಗ ಮೈನಸ್ 63. ಆ ಒಂದು ಡೆಸಿಬೆಲ್ ನಾನು ಬಿಟ್ಟುಕೊಟ್ಟೆ.

ಮೇ ತಿಂಗಳು ನಿಜವಾದ ಪರೀಕ್ಷೆ. ನಮ್ಮಲ್ಲಿ ಎಸಿ ಇಲ್ಲ. ರಾತ್ರಿ ಹಾಲಿನಲ್ಲಿ 33 ಡಿಗ್ರಿ. ಚಿಪ್ 74ಕ್ಕೆ ಏರಿತು, ಫ್ಯಾನ್ ಸಾವಿರದ ಆಸುಪಾಸು. ಕೇಳುತ್ತದೆ, ಆದರೆ ಕಿವಿ ಕೊಟ್ಟರೆ ಮಾತ್ರ. ಧೂಳು ಇನ್ನೊಂದು ತೊಂದರೆ. ಎದುರು ಟವರ್ ಕಟ್ಟುತ್ತಿದ್ದಾರೆ, ತಿಂಗಳಿಗೊಮ್ಮೆ ಪೇಂಟ್ ಬ್ರಷ್ ಹಿಡಿದು ಜಾಲರಿ ಒರೆಸದಿದ್ದರೆ ಐದು ಡಿಗ್ರಿ ಮೇಲೆ.

ಇದರ ಕೊರತೆಗಳನ್ನೂ ಹೇಳಿಬಿಡುತ್ತೇನೆ. 5600ಜಿಯಲ್ಲಿ ಎಲ್3 ಕ್ಯಾಶ್ (ಚಿಪ್ಪಿನೊಳಗಿನ ಚುರುಕು ಮೆಮೊರಿ) 16 ಎಂಬಿ. ಗ್ರಾಫಿಕ್ಸ್ ಇಲ್ಲದ ಸಾದಾ 5600ರಲ್ಲಿ 32 ಇದೆ. ಮುಂದೆ ಗ್ರಾಫಿಕ್ಸ್ ಕಾರ್ಡ್ ಹಾಕುವ ಅಂದಾಜಿದ್ದರೆ ಅದನ್ನೇ ತಗೊಳ್ಳಿ. ಕಾರ್ಡ್ ಸಿಕ್ಕಿಸುವ ಕೊಂಡಿ, ಪಿಸಿಐಇ ಕೂಡ ಇದರಲ್ಲಿ ಮೂರನೇ ತಲೆಮಾರಿನದು. ಈ ಚಿಪ್ ಕೂರುವ ಎಎಮ್4 ಹಳೆ ಸಾಕೆಟ್, 2022ರಲ್ಲೇ ಎಎಮ್5 ಬಂದಿದೆ, ಇದರ ಮೇಲೆ ಹತ್ತುವ ಮೆಟ್ಟಿಲು ಕಡಿಮೆ. ದೊಡ್ಡ ಗೇಮ್ ಆಡುವವರಿಗೆ ಇದು ಅಲ್ಲವೇ ಅಲ್ಲ. ಇನ್ನು ನಾನು ಹೇಳಿದ ಬೆಲೆಗಳು ನಾನು ಕೊಂಡ ದಿನದವು. ರ‍್ಯಾಮ್ ಬೆಲೆಯಂತೂ ಟೊಮೆಟೊ ಹಾಗೆ, ಕೇಳಿಕೊಂಡೇ ಹೊರಡಿ.

140ರಲ್ಲಿ 96 ಕ್ಯಾಸೆಟ್ ಮುಗಿದಿವೆ. ಈಗ ಹಾಲಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸದ್ದು ಮಾಡುವುದು ಅಪ್ಪನ ಟೇಪ್ ಡೆಕ್. ಅದರ ಮೋಟಾರು ಕರಕರ ಅನ್ನುತ್ತದೆ, ಬೆಲ್ಟ್ ಸಡಿಲ ಆಗಿ ಭಾಗವತರ ಶ್ರುತಿ ಆಗಾಗ ತೂಗುತ್ತದೆ. ಅದಕ್ಕೆ ಬಯೋಸ್ ಇಲ್ಲ. ಕಲಬುರಗಿ ಹುಡುಗನಿಗೆ ಫೋನ್ ಮಾಡಿ ಕೇಳಿದೆ. ಅವರ ಕಟ್ಟಡದ ಕೆಳಗೇ ಒಬ್ಬ ಮುದುಕರು ರಬ್ಬರ್ ಬೆಲ್ಟ್ ಮಾರುತ್ತಾರಂತೆ, ಹಳೆಯದನ್ನು ಅಳತೆಗೆ ತರಬೇಕಂತೆ. ಶನಿವಾರ ಹೋಗಬೇಕು.